ಒಂದಲ್ಲ ಭಾವ, ನೂರಾ ಒಂದು

ನನ್ನ ಹತ್ರ ಒಂದು ಪುಟ್ಟ ಹತ್ತರಿ ಇದೆ. ಮರ ನಯ ಮಾಡುವ ಹತ್ತರಿನೇ, ಆದರೆ ಉದ್ದ 3½ ಇಂಚು, ಅಲಗಿನ ಅಗಲ 1 ಇಂಚು, ಅಷ್ಟೇ. ಮನೆಗೆ ಬಂದವರೆಲ್ಲ ಎತ್ತಿಕೊಂಡು "ಇದೇನು, ಸ್ಟೇಪ್ಲರಾ?" ಅನ್ನುತ್ತಾರೆ. ಕೆಲವರು ಕೇಳುವುದೂ ಇಲ್ಲ, ಸುಮ್ನೆ ಮೇಜಿನ ಮೇಲೆ ಕಾರಿನ ಥರ ಓಡಿಸುತ್ತಾರೆ. ಅದರ ಹೊಟ್ಟೆಯಡಿ ಸಾಣೆ ಹಿಡಿದ ಅಲಗಿದೆ ಸ್ವಾಮಿ, ಮೇಜು ನಂದು!

ಭಾವನ ಚಾಳಿ ಬೇರೆ. ಅವರು ಏನು ಕಂಡರೂ ಮೊಬೈಲಿನಲ್ಲಿ ಫೋಟೋ ಹೊಡೆದು, ಅದು ಏನು ಅಂತ ಅದರ ಯಜಮಾನನಿಗೇ ತಿಳಿಸುತ್ತಾರೆ. ಹೋದ ಭಾನುವಾರ ಕೂಗಿದರು, "ಲೋ, ಇದು ಸ್ಟ್ಯಾನ್ಲಿ ನಂಬರ್ ಒಂದು ಕಣೋ! ಸಿಕ್ಕಾಪಟ್ಟೆ ಬೆಲೆ!"

ಸ್ಟ್ಯಾನ್ಲಿ ಅನ್ನೋದು ಹತ್ತರಿ ಮಾಡುವ ಕಂಪನಿ, ನಂಬರ್ ಅಂದರೆ ಮಾದರಿ. ಅದರ ನಂಬರ್ 1 ಅಂದರೆ ದೊಡ್ಡ ಹತ್ತರಿಯ ಮರಿ, ಸುಮಾರು 5½ ಇಂಚು, ಹಿಂದೆ ಮರದ ಹಿಡಿ, ಮುಂದೆ ಮರದ ಗುಬುಟು. ನನ್ನದು 101. ಬೆನ್ನ ಹಿಂದೆ ಅಳಿಲಿನ ಬಾಲದಂಥ ಹಿಡಿ ಇದ್ದರೆ ಅದು 100, ಬಾಲ ಇಲ್ಲದ್ದು 101 ಅಂತ ಬಿಡಿಸಿ ಹೇಳಿದೆ.

"ಅದರಲ್ಲೂ ಒಂದು ಇದೆಯಲ್ಲೋ" ಅಂದರು.

"ಎರಡಿವೆ ಭಾವ" ಅಂದೆ.

ಹೋಗುವಾಗ ಅದನ್ನೇ ಜೇಬಿಗೆ ಹಾಕಿಕೊಂಡರು. ಅವರ ಮನೆಯ ಬಾಗಿಲು ಹಿಡಿಯುತ್ತಿದೆಯಂತೆ. ಪೆಟ್ಟಿಗೆಯ ಮುಚ್ಚಳದ ಅಂಚಿನ ಚೂಪು ಮುರಿಯುವುದಕ್ಕೆ, ಬೆರಳಗಲದ ಪಟ್ಟಿ ಕೂರಿಸುವುದಕ್ಕೆ ಇರೋ ಸಾಮಾನು, ಆಳೆತ್ತರದ ಬಾಗಿಲಿಗೆ! ಅಕ್ಕನ ಗಂಡ, ಬೇಡ ಅನ್ನೋದು ಹೇಗೆ?

ನಿನ್ನೆ ಸಂಜೆ ವಾಪಸ್ ಬಂತು. "ಮೊಂಡು ಕಣೋ ಇದು. ಒಂದು ಗಂಟೆ ಉಜ್ಜಿದೆ, ಒಂದು ಚೂರು ಹೊಟ್ಟು ಬರಲಿಲ್ಲ." ನೋಡಿದರೆ, ಕ್ಲೀನ್ ಮಾಡೋಣ ಅಂತ ಅಲಗು ಬಿಚ್ಚಿ, ತಿರುಗಾಮುರುಗಾ ಕೂರಿಸಿದ್ದಾರೆ. ಈ ಜಾತಿಯ ಹತ್ತರಿಯಲ್ಲಿ ಅಲಗಿನ ಓರೆ, ಅಂದರೆ ತುದಿಯಲ್ಲಿ ಇಳಿಜಾರಾಗಿ ತಿಕ್ಕಿದ ಮೈ, ಮೇಲ್ಮುಖವಾಗಿ ಇರಬೇಕು. ಅಲಗು ಮಲಗಿರುವುದು ಸುಮಾರು 20 ಡಿಗ್ರಿಯಲ್ಲಿ, ಓರೆ ತಿಕ್ಕಿರುವುದು 25ಕ್ಕೆ. ತಿರುಗಿಸಿ ಹಾಕಿದರೆ ಓರೆಯ ಹಿಮ್ಮಡಿ ಮರಕ್ಕೆ ತಾಗುತ್ತದೆ, ಅಲಗಿನ ಬಾಯಿ ಗಾಳಿಯಲ್ಲೇ ಇರುತ್ತದೆ. ಅಂದರೆ ಭಾವ ಒಂದು ಗಂಟೆ ಹೊತ್ತು, ಬನಿಯನ್ ನೆನೆಯುವ ತನಕ, ಬಾಗಿಲಿಗೆ ಇಸ್ತ್ರಿ ಮಾಡಿದ್ದಾರೆ. ಅಲಗು ಕಚ್ಚುತ್ತಿಲ್ಲ ಅಂತ ಇನ್ನಷ್ಟು ಹೊರಗೆಳೆದರಂತೆ, ಇನ್ನಷ್ಟು ಒತ್ತಿದರಂತೆ, ಅಕ್ಕನ ಕೈಲಿ ಬಾಗಿಲನ್ನು ಆ ಕಡೆಯಿಂದ ತಳ್ಳಿ ಹಿಡಿಸಿದರಂತೆ. ಹೇಳಿದ್ದು ಅಕ್ಕ, ಫೋನಿನಲ್ಲಿ, ದನಿ ತಗ್ಗಿಸಿ.

ಭಾವನ ಎದುರೇ ಅಲಗು ಬಿಚ್ಚಿದೆ. ಸರಿಯಾಗಿ ಕೂರಿಸಿ, ತಿರುಪು ಅರ್ಧ ಬಿಗಿ ಮಾಡಿ, ಸಣ್ಣ ಸುತ್ತಿಗೆಯಲ್ಲಿ ಹಿಂದಿನಿಂದ ಟಕ್ ಅಂತ ಒಂದೇ ಏಟು. ಇದಕ್ಕೆ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇಲ್ಲ, ಎಲ್ಲ ಆ ಏಟಿನಲ್ಲೇ. ಆಮೇಲೆ ತಲೆಕೆಳಗು ಮಾಡಿ, ಒಂದು ಕಣ್ಣು ಮುಚ್ಚಿ, ಅಲಗು ಕೂದಲೆಳೆಯಷ್ಟು ಇಣುಕಿದೆಯಾ ಅಂತ ನೋಡಿದೆ. ನಮ್ಮಜ್ಜ ತನ್ನ ಮರದ ಹತ್ತರಿಯನ್ನು ಹಾಗೇ ನೋಡುತ್ತಿದ್ದ. ಅದನ್ನು ಎತ್ತಲು ನನಗೆ ಎರಡೂ ಕೈ ಬೇಕಾಗುತ್ತಿತ್ತು. ಆ ಹತ್ತರಿ ಈಗ ಎಲ್ಲಿದೆಯೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಒಂದು ಚೂರು ತೇಗದ ಪಟ್ಟಿಯ ಮೇಲೆ, ಎಳೆ ಹೋಗುವ ದಿಕ್ಕಿಗೆ ತಳ್ಳಿದೆ. ಸುರ್ ಅಂತ ಸುರುಳಿ ಬಂತು, ಈರುಳ್ಳಿ ಸಿಪ್ಪೆಯಷ್ಟು ತೆಳು.

ಭಾವ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ಈಗಲಾದರೂ ತಪ್ಪಾಯಿತು ಅನ್ನುತ್ತಾರೆ ಅಂದುಕೊಂಡೆ. ಮೊಬೈಲ್ ತೆಗೆದು ಅದರದ್ದೂ ಒಂದು ಫೋಟೋ ಹೊಡೆದರು.