ಫಾರ್ವರ್ಡ್ ಬಟನ್ ಒತ್ತಿಸಿಕೊಂಡ ಚೈನ್ ಗಾಡಿ

ಮೊನ್ನೆ ಪಕ್ಕದ ಮನೆಯ ಅಜ್ಜ ರಿಮೋಟಿನಲ್ಲಿ ಒಂದು ಬಟನ್ ಒತ್ತಿದರು. ಆಗಿದ್ದು ಅಷ್ಟೇ. ಆದರೂ ನನಗೆ ಎಲ್ಲೋ ಚುರುಕ್ ಅಂತು.

ನಾವಿರುವುದು ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ. ಆಳೆತ್ತರದ ಟೈರ್ ಹಾಕಿದ ಟ್ರಕ್ಕುಗಳ ಆಟ, ಮಾನ್ಸ್ಟರ್ ಟ್ರಕ್ ಅನ್ನುವ ಹುಚ್ಚಿಗೆ ಇದೇ ತವರು. ನನ್ನ ಎಂಟು ವರ್ಷದ ಮಗನಿಗೂ ಆ ಹುಚ್ಚು ಹಿಡಿದಿದೆ. ಅಜ್ಜ ರಿಟೈರಾದ ವೆಲ್ಡರ್. 80ರ ದಶಕದಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟುಗಳು ಅವರ ನೆಲಮಾಳಿಗೆಯಲ್ಲಿ ಇನ್ನೂ ಇವೆ. ಹುಡುಗನಿಗೆ ತೋರಿಸ್ತೀನಿ ಬಾ ಅಂತ ಕರೆದರು. ಮೊದಲು ದೊಡ್ಡ ಟೈರಿನ ಟ್ರಕ್ಕುಗಳು ಬಂದವು, ಹಳೆ ಕಾರುಗಳ ಮೇಲೆ ಹತ್ತಿ ಕುಣಿದವು. ಆಮೇಲೆ ಬಂತು ನೋಡಿ, ಟ್ಯಾಂಕಿನಂಥ ಒಂದು ಗಾಡಿ. ಟೈರೇ ಇಲ್ಲ, ಎರಡು ಬದಿಗೂ ಕಬ್ಬಿಣದ ಚೈನ್. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಅಷ್ಟರಲ್ಲಿ ಅಜ್ಜ "ಇದು ಬಿಡಿ, ನಿಧಾನ" ಎಂದು ಫಾರ್ವರ್ಡ್ ಒತ್ತಿಬಿಟ್ಟರು. ಆ ದೈತ್ಯ ಗಾಡಿ ಇರುವೆ ಹಾಗೆ ಪುಳಪುಳ ಓಡಿ ಮಾಯವಾಯಿತು.

ನಿಧಾನ ಅಂತೆ!

ನನಗೆ ನಮ್ಮ ಮಾವನ ಮನೆ ನೆನಪಾಯಿತು. ಮೂಡುಬಿದಿರೆ ಕಡೆ, ಮನೆ ಹಿಂದಿನ ಗುಡ್ಡ ಸಮತಟ್ಟು ಮಾಡಲು ಹಿಟಾಚಿ ತರಿಸಿದ್ದರು. ಯಾವ ಕಂಪನಿಯದಾದರೂ ಚೈನ್ ಇದ್ದರೆ ನಮಗದು ಹಿಟಾಚಿ, ಟೈರ್ ಇದ್ದರೆ ಜೆಸಿಬಿ. ಮೂರು ದಿನ ಕೆಲಸ. ಮೂರು ದಿನವೂ ಜನ. ಹಾಲು ಹಾಕಲು ಹೊರಟವರು ಕ್ಯಾನ್ ಕೆಳಗಿಟ್ಟು ನಿಂತರು. ಅಜ್ಜಿ ಜಗಲಿಯ ತುದಿಗೆ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟುಕೊಂಡರು. ಹಲಸಿನ ಮರದ ಬುಡಕ್ಕೆ ಬಕೆಟ್ ತಾಗಿದಾಗ ಎಲ್ಲರೂ ಸುಮ್ಮನಾದರು. ಬುಡ ಮೇಲೆದ್ದು ಬಂದಾಗ ಯಾರೋ "ಬಂತು!" ಅಂದರು, ತಾವೇ ಎಳೆದು ತೆಗೆದ ಹಾಗೆ. ನಿಧಾನ ಅಂತ ಒಬ್ಬರೂ ಅನ್ನಲಿಲ್ಲ. ಇಲ್ಲಿಯವರಾದರೋ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗಿ, ಅಂಥದ್ದೇ ಯಂತ್ರ ನೋಡಿ ಆಕಳಿಸಿದ್ದಾರೆ.

ಈ ಆಟ ಶುರುವಾದದ್ದೂ ನಿಧಾನವಾಗಿಯೇ, ಅದು ಇಲ್ಲಿಯವರಿಗೆ ಮರೆತುಹೋಗಿದೆ. ಬಾಬ್ ಚಾಂಡ್ಲರ್ ಇದೇ ಊರಿನ ಕಡೆ ಫೋರ್‌ವೀಲ್ ಗಾಡಿಗಳ ಅಂಗಡಿ ಇಟ್ಟಿದ್ದವರು. 1974ರ ತಮ್ಮ ಫೋರ್ಡ್ ಪಿಕಪ್ಪಿಗೆ ದೊಡ್ಡ ದೊಡ್ಡ ಟೈರ್ ಹಾಕುತ್ತಾ ಹೋದರು. ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡಿಭಾಗ ಮುರಿಯುತ್ತಿದ್ದ ಅವರ ಭಾರದ ಕಾಲಿನಿಂದಲೇ ಗಾಡಿಗೆ ಬಿಗ್‌ಫುಟ್ ಎಂಬ ಹೆಸರು ಬಂತು. 1981ರಲ್ಲಿ ಒಂದು ಹೊಲದಲ್ಲಿ ಎರಡು ಗುಜರಿ ಕಾರುಗಳ ಮೇಲೆ ಅದನ್ನು ಹತ್ತಿಸಿದರು. ಸುಮ್ನೆ, ಆಗುತ್ತಾ ನೋಡೋಣ ಅಂತ. ಓಟ ಇಲ್ಲ, ಹಾರಾಟ ಇಲ್ಲ, ತೆವಳಿಕೊಂಡು ಹತ್ತಿ ಇಳಿದದ್ದು. ಆ ವಿಡಿಯೋ ಅಂಗಡಿಯಲ್ಲಿ ಹಾಕಿದ್ದನ್ನು ಪ್ರದರ್ಶನ ನಡೆಸುವವರೊಬ್ಬರು ನೋಡಿದರು. ಮುಂದೆ ಸ್ಟೇಡಿಯಮ್ಮುಗಳೇ ತುಂಬಿದವು. ಗೊಬ್ಬರ ಚೆಲ್ಲುವ ಕೃಷಿ ಯಂತ್ರಗಳ 66 ಇಂಚಿನ ಟೈರುಗಳು ಟ್ರಕ್ಕುಗಳಿಗೆ ಬಂದವು.

ಆಗ ಎಲ್ಲರಿಗೂ ಇದ್ದ ಪ್ರಶ್ನೆ ಒಂದೇ: ಇದಕ್ಕಿಂತ ದೊಡ್ಡದು ಏನು? ಚೈನ್ ಗಾಡಿ ಬಂದದ್ದು ಆ ಹೊತ್ತಿನಲ್ಲಿ. ಹಳೆ ಮಿಲಿಟರಿ ವಾಹನದ ಚೈನು ಮತ್ತು ಅಡಿಭಾಗ ಹಾಗೇ ಇಟ್ಟುಕೊಂಡು ಮೇಲೆ ಬೇರೆ ಬಾಡಿ ಕೂರಿಸುವುದು. ಬಿಗ್‌ಫುಟ್ ತಂಡವೂ ಒಂದು ಮಾಡಿತ್ತು, ಹೆಸರು ಫಾಸ್ಟ್ರಾಕ್ಸ್. ಕೆಳಗೆ ಸೈನಿಕರನ್ನು ಸಾಗಿಸುವ ಗಾಡಿ, ಒಳಗೆ ಎರಡು ಎಂಜಿನ್, ಮೇಲೆ ಫೋರ್ಡ್ ಏರೋಸ್ಟಾರ್ ವ್ಯಾನಿನ ಬಾಡಿ. ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು ಟ್ಯಾಂಕಿನ ಮೇಲೆ ಸವಾರಿ ಹೊರಟ ಹಾಗೆ. ನಗು ಬರುತ್ತೆ ಅಲ್ವಾ? ನನಗಂತೂ ಭಾರಿ ಇಷ್ಟವಾಯಿತು.

ಹಾಗಿದ್ದರೆ ಯಾಕೆ ಹೋಯಿತು? ಅಜ್ಜ ವೆಲ್ಡರ್ ಆದ್ದರಿಂದ ಕೈಯಲ್ಲೇ ಮಾಡಿ ತೋರಿಸಿದರು. ಒಂದು ಅಂಗೈ ಮೇಜಿನ ಮೇಲೆ ಚಪ್ಪಟೆ ಇಟ್ಟರು, ಇನ್ನೊಂದು ಕೈಯನ್ನು ಮುಷ್ಟಿ ಮಾಡಿದರು. ಟೈರಿನಲ್ಲಿ ಗಾಳಿ ಇದೆ, ಅದು ಪುಟಿಯುತ್ತದೆ. ಕಾರಿನ ಮೇಲೆ ಬಿದ್ದರೆ ಟ್ರಕ್ ಎತ್ತ ಹಾರುತ್ತೋ ಡ್ರೈವರಿಗೂ ಗೊತ್ತಿಲ್ಲ. ಚೈನ್ ಹಾಗಲ್ಲ. ಭಾರವೆಲ್ಲ ಉದ್ದಕ್ಕೆ ಹಂಚಿಹೋಗುತ್ತದೆ. ಕಾರು ಅಕ್ಕಿರೊಟ್ಟಿ ತಟ್ಟಿದ ಹಾಗೆ ಸದ್ದಿಲ್ಲದೆ ಕೆಳಗೆ ಕೂರುತ್ತದೆ. ತಿರುಗಿಸಬೇಕಾದರೆ ಒಂದು ಬದಿಯ ಚೈನ್ ಹಿಡಿದು ನಿಲ್ಲಿಸಬೇಕು, ಆಗ ನೆಲ ಕಿತ್ತುಬರುತ್ತದೆ. ಹಾರಿಸಿದರೆ ಇಳಿಯುವಾಗ ಚೈನ್ ಕಳಚುವ ಭಯ. "ಅದು ಸೋಲುವುದೇ ಇಲ್ಲ" ಅಂದರು ಅಜ್ಜ. "ಸೋಲದೇ ಇರುವುದನ್ನು ಎಷ್ಟು ಸಲ ಅಂತ ನೋಡ್ತೀಯಾ?"

ಅಷ್ಟರಲ್ಲಿ ಆಟವೇ ಓಟದ ಕಡೆ ತಿರುಗಿತ್ತು. 1988ರಲ್ಲಿ ಇಂಥ ಪ್ರದರ್ಶನ ನಡೆಸುವ ಟಿಎನ್‌ಟಿ ಸಂಸ್ಥೆ ಓಟಕ್ಕೆ ಅಂಕ ಕೊಡುವ ಸರಣಿ ನಡೆಸಿತು, ಯುಎಸ್ಎ-1 ಎಂಬ ಟ್ರಕ್ ಬಿಗ್‌ಫುಟ್ಟನ್ನೇ ಹಿಂದಕ್ಕೆ ಹಾಕಿತು. ಮರುವರ್ಷ ಚಾಂಡ್ಲರ್ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿಸಿ ಪೈಪಿನ ಚಾಸಿಯ ಬಿಗ್‌ಫುಟ್ 8 ಇಳಿಸಿದರು. ಅಲ್ಲಿಂದ ಎಲ್ಲ ಹಗುರ, ಎಲ್ಲ ವೇಗ. 1999ರಲ್ಲಿ ಒಂದು ಬಿಗ್‌ಫುಟ್ 727 ವಿಮಾನವನ್ನೇ ದಾಟಿ 202 ಅಡಿ ಹಾರಿತು. ಚೈನ್ ಗಾಡಿ ಏನು ಮಾಡೀತು ಪಾಪ.

ನನ್ನ ತಕರಾರು ಇರುವುದು ಇಲ್ಲಿ. ಓಟ ಬಂತು ಅಂತ ಉಳಿದದ್ದನ್ನೆಲ್ಲ ಬದಿಗೆ ಸರಿಸಬೇಕಿತ್ತಾ? ನಮ್ಮ ಕಂಬಳ ನೋಡಿ. ನೇಗಿಲು, ಹಗ್ಗ, ಅಡ್ಡಹಲಗೆ ಅನ್ನುವ ವಿಭಾಗಗಳೆಲ್ಲ ಓಟ. ಲೇಸರ್ ಬಂದಿದೆ, ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಜಗಳ ಆಗುತ್ತದೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದೇ ತಡ, ಜಗತ್ತೇ ಉಸೇನ್ ಬೋಲ್ಟನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿತು. ಇಷ್ಟೆಲ್ಲ ಆದರೂ ತೂತಿನ ಹಲಗೆ ಮೇಲೆ ನಿಂತು ಕೋಣ ಓಡಿಸುತ್ತಾ ನೀರು ಮೇಲಕ್ಕೆ ಚಿಮ್ಮಿಸುವ ಕನೆಹಲಗೆಯನ್ನು ಯಾರೂ ಕೈಬಿಟ್ಟಿಲ್ಲ. ಅಲ್ಲಿ ಎಷ್ಟು ಬೇಗ ಮಂಜೊಟ್ಟಿ, ಅಂದರೆ ಓಟದ ಕೊನೆ, ಮುಟ್ಟಿದೆ ಅಂತ ಕೇಳುವವರಿಲ್ಲ. ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗಿತಾ? ಎತ್ತರ ಆರೂವರೆ ಕೋಲೋ ಏಳೂವರೆ ಕೋಲೋ? ಮುಗಿಯಿತು. ನೋಡಿ ಕಣ್ಣು ತಂಪಾಗಲಿ ಅಂತಲೇ ಇರುವ ವಿಭಾಗ ಅದು. ಇಲ್ಲಿಯವರು ಚೈನ್ ಗಾಡಿಗೂ ಅಂಥದ್ದೊಂದು ನಿಶಾನೆ ಕಟ್ಟಬಹುದಿತ್ತು. ಎಷ್ಟು ಕಾರು ಎಷ್ಟು ಚಪ್ಪಟೆ ಅಂತ ಅಳೆಯಬಹುದಿತ್ತು. ಆ ತಾಳ್ಮೆ ಇವರಿಗಿಲ್ಲ ಅಂತಲೇ ನನಗನಿಸಿದ್ದು. ಮನೆಗೆ ಬಂದು ಹೆಂಡತಿಗೂ ಇದೇ ಭಾಷಣ ಬಿಗಿದೆ.

ಅವಳು ಕೇಳಿದಳು: "ನಿಮ್ಮ ಮಾವನ ಹಿಟಾಚಿಗೆ ಯಾರಾದರೂ ಟಿಕೆಟ್ ತಗೊಂಡಿದ್ರಾ?"

ಹೌದು, ಅದೂ ಇದೆ. ಬಿಟ್ಟಿ ಸಿಕ್ಕಿದ್ದನ್ನು ಮೂರು ದಿನ ನೋಡುವುದು ಬೇರೆ, ಜೇಬಿನಿಂದ ಕೊಟ್ಟು ಹತ್ತು ನಿಮಿಷ ನೋಡುವುದು ಬೇರೆ. ಹಿಟಾಚಿ ಹೋದ ಮೇಲೆ ಅಲ್ಲಿ ಮನೆಗೆ ಜಾಗ ಉಳಿಯುತ್ತದೆ, ಚೈನ್ ಗಾಡಿ ಹೋದ ಮೇಲೆ ಚಪ್ಪಟೆ ಕಾರು. ಇಲ್ಲಿಯವರು ದೊಡ್ಡದನ್ನೆಲ್ಲ ಮರೆತರು ಅನ್ನುವುದೂ ಪೂರ್ತಿ ನಿಜವಲ್ಲ. 1986ರ ಬಿಗ್‌ಫುಟ್ 5 ಇದೆ, 10 ಅಡಿ ಎತ್ತರದ ಟೈರು, ಅಮೆರಿಕದ ಸೈನ್ಯ ಮಾಡಿಸಿದ್ದ ಭಾರಿ ಸಾಗಣೆ ಗಾಡಿಯ ಟೈರುಗಳವು. ಅದು ಯಾವ ಓಟದಲ್ಲೂ ಗೆಲ್ಲುವಂಥದ್ದಲ್ಲ. ಆದರೂ ಜೋಪಾನ ಮಾಡಿದ್ದಾರೆ, ಜನ ಟೈರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಇನ್ನು ಕನೆಹಲಗೆ. ಇದನ್ನು ಹೇಳಲು ಸ್ವಲ್ಪ ನಾಚಿಕೆ. ನೇಗಿಲಿಗೆ ಬರುವ ಜೋಡಿಗಳನ್ನು ಎಣಿಸಿ, ಆಮೇಲೆ ಕನೆಹಲಗೆಗೆ ಬರುವುದನ್ನು ಎಣಿಸಿ. ಎರಡನೆಯದಕ್ಕೆ ಒಂದು ಕೈಯ ಬೆರಳು ಸಾಕಾಗುವ ದಿನಗಳಿವೆ. ಊರಲ್ಲಿದ್ದಾಗ ನಾವು ಚರುಂಬುರಿ ತರಲು ಏಳುತ್ತಿದ್ದದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಸೆಮಿಫೈನಲ್ ಹೊತ್ತಿನಲ್ಲಂತೂ ಅಲ್ಲ. ಈಗಲೂ ಚಳಿಗಾಲದ ಭಾನುವಾರಗಳಲ್ಲಿ ಕಂಬಳದ ವಿಡಿಯೋ ಹಾಕಿಕೊಂಡು ಕೂರುತ್ತೇನೆ. ಇಡೀ ಹಗಲು ರಾತ್ರಿಯ ರೆಕಾರ್ಡಿಂಗು. ಹಗ್ಗ ಹಿರಿಯ ವಿಭಾಗದ ಫೈನಲ್ ಎಲ್ಲಿದೆ ಅಂತ ಬೆರಳಲ್ಲಿ ಎಳೆಯುತ್ತಾ ಹೋಗುತ್ತೇನೆ. ಮಧ್ಯೆ ಎಲ್ಲೋ ನೀರು ಚಿಮ್ಮಿದ್ದು ಮಿಂಚಿ ಮರೆಯಾಗುತ್ತದೆ.

ಶನಿವಾರ ಇದನ್ನು ಅಜ್ಜನಿಗೆ ಹೇಳಿದೆ. ನಕ್ಕರು. ಕ್ಯಾಸೆಟ್ ಹುಡುಕಿ, ಹಿಂದಕ್ಕೆ ಓಡಿಸಿ, ಚೈನ್ ಗಾಡಿಯ ಆಟ ಪೂರ್ತಿ ತೋರಿಸಿದರು. ಆರು ನಿಮಿಷ. ಗಾಡಿ ಎರಡನೇ ಕಾರಿನ ಮೇಲೆ ಹತ್ತುವಷ್ಟರಲ್ಲಿ ಮಗ ಎದ್ದು ಹೋಗಿ ಅಜ್ಜನ ನಾಯಿ ಜೊತೆ ಆಡುತ್ತಿದ್ದ.