ಕೂಗಳತೆಯ ದೂರದಲ್ಲಿ

ಚುನಾವಣೆ ಘೋಷಣೆಯಾದ ವಾರ ನಮ್ಮ ಅಪ್ಪ ಗೋಡೆಯ ಗೂಟದಿಂದ ಕೋವಿ ಇಳಿಸಿ, ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆದು, ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಗೆ ಹೊರಡುತ್ತಿದ್ದರು. ಸುಳ್ಯ ತಾಲ್ಲೂಕಿನ ನಮ್ಮ ತೋಟಕ್ಕೆ ಕಾಡುಹಂದಿ, ಮಂಗಗಳ ಕಾಟ. ಅದಕ್ಕೆಂದು ಅಜ್ಜನ ಕಾಲದಿಂದ ಬೆಳೆರಕ್ಷಣೆಯ ಪರವಾನಗಿ, ಒಂಟಿ ನಳಿಗೆಯ ಒಂದು ಕೋವಿ. ಠಾಣೆಯಲ್ಲಿ ಅದಕ್ಕೊಂದು ಚೀಟಿ ಕಟ್ಟಿ, ಪುಸ್ತಕದಲ್ಲಿ ನಂಬರು ಬರೆದುಕೊಂಡು ರಸೀದಿ ಕೊಡುತ್ತಿದ್ದರು. ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ಕೋವಿ ವಾಪಸ್. ಅಷ್ಟರೊಳಗೆ ಹಂದಿಗಳು ಮರಗೆಣಸಿನ ಸಾಲನ್ನೆಲ್ಲ ಉತ್ತು ಹಾಕಿರುತ್ತಿದ್ದವು. ಅಪ್ಪ ಗೊಣಗುತ್ತಿದ್ದದ್ದು ಆ ಹಂದಿಗಳ ವಿಚಾರಕ್ಕೆ ಮಾತ್ರ.

ಪೊಲೀಸರ ಮೇಲೆ ಅವರಿಗೆ ಭರವಸೆ ಇತ್ತು ಎಂದು ಇದರರ್ಥವಲ್ಲ. ಬೇಲಿಯ ತಕರಾರು ಹತ್ತು ವರ್ಷ ಎಳೆದರೂ ಅವರು ಠಾಣೆಯ ಮೆಟ್ಟಿಲು ಹತ್ತಲಿಲ್ಲ. ವಕೀಲರ ಮಾತೆತ್ತಿದರೆ, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಮಾತು ಮುಗಿಸುತ್ತಿದ್ದರು. ಅಂಥವರು ಮನೆಯಲ್ಲಿದ್ದ ಒಂದೇ ಒಂದು ಆಯುಧವನ್ನು ತಾವೇ ಹೊತ್ತುಕೊಂಡು ಹೋಗಿ ಅದೇ ಠಾಣೆಯಲ್ಲಿ ಇಟ್ಟು ಬರುತ್ತಿದ್ದರು. ಇದರಲ್ಲಿ ವಿಚಿತ್ರವೇನಿದೆ ಎಂದು ನನಗೆ ಊರಿನಲ್ಲಿದ್ದಾಗ ಒಂದು ದಿನವೂ ಅನಿಸಿರಲಿಲ್ಲ.

ನಾನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಬಂದು ಹನ್ನೊಂದು ವರ್ಷವಾಯಿತು. ಪಕ್ಕದ ಮನೆಯವರು ಸೇನೆಯಿಂದ ನಿವೃತ್ತರಾದವರು, ಇರಾಕ್‌ಗೆ ಎರಡು ಸಲ ಹೋಗಿ ಬಂದವರು. ಮನೆಯ ಮುಂದೆ ರಾಷ್ಟ್ರಧ್ವಜ, ಕಾರಿನ ಹಿಂದೆ ಪೊಲೀಸರಿಗೆ ಬೆಂಬಲ ಸೂಚಿಸುವ ನೀಲಿ ಗೆರೆಯ ಸ್ಟಿಕ್ಕರ್. ಅಪ್ಪನ ರಸೀದಿಯ ಕಥೆ ಹೇಳಿದಾಗ ಅವರು ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. "ಚುನಾವಣೆಯ ಹೊತ್ತಿಗೆ ಸರ್ಕಾರದ ಕೈಗೆ ಬಂದೂಕು ಒಪ್ಪಿಸುವುದೇ? ಮನೆಯಲ್ಲಿ ಬಂದೂಕು ಇರಬೇಕಾದದ್ದೇ ಅಂಥ ಹೊತ್ತಿನಲ್ಲಿ!" ಎಂದರು. ಆಮೇಲೆ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಆಳೆತ್ತರದ ಕಬ್ಬಿಣದ ಕಪಾಟು ತೆರೆದು ತೋರಿಸಿದರು. ಏಳು ಬಂದೂಕುಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನೂ ಅವರು ಮುಟ್ಟುತ್ತಿದ್ದ ರೀತಿಯಲ್ಲಿ ನಮ್ಮ ಅಪ್ಪನ ಎಣ್ಣೆಬಟ್ಟೆಯ ಅಕ್ಕರೆಯೇ ಇತ್ತು.

ಪೊಲೀಸರನ್ನು ನಂಬದ ನಮ್ಮ ಅಪ್ಪ ಕೋವಿಯನ್ನು ಅವರ ಕೈಗೆ ಕೊಡುತ್ತಿದ್ದರು. ಪೊಲೀಸರ ಪರವಾಗಿ ಸ್ಟಿಕ್ಕರ್ ಅಂಟಿಸಿಕೊಂಡ ನೆರೆಯವರು ಪ್ರಾಣ ಹೋದರೂ ಕೊಡುವವರಲ್ಲ. ಇದೇಕೆ ಹೀಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ನೆರೆಯವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿ 1791ರಷ್ಟು ಹಳೆಯದು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನೆಯಲ್ಲಿ ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳುವ ವ್ಯಕ್ತಿಯ ಹಕ್ಕು ಎಂದೇ ಓದಿತು. ಅದಕ್ಕಿಂತ ಹೆಚ್ಚಾಗಿ ಅವರು ಎತ್ತುವುದು 2005ರ ಇನ್ನೊಂದು ತೀರ್ಪನ್ನು. ಕೊಲೊರಾಡೊದ ಒಬ್ಬ ತಾಯಿ, ಗಂಡ ಹತ್ತಿರ ಬರಬಾರದೆಂದು ನ್ಯಾಯಾಲಯದಿಂದ ಆದೇಶ ತಂದಿದ್ದರು. ಅವನು ಮೂವರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋದಾಗ ಆಕೆ ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಪೊಲೀಸರು ಏನೂ ಮಾಡಲಿಲ್ಲ. ಮೂವರು ಮಕ್ಕಳೂ ಕೊಲೆಯಾದರು. ಆ ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕು ಎನ್ನುವ ಹಕ್ಕನ್ನು ಸಂವಿಧಾನ ಆಕೆಗೆ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. "ಬರಲೇಬೇಕೆಂಬ ಕಟ್ಟುಪಾಡಿಲ್ಲದವರನ್ನು ಕಾಯುತ್ತಾ ಕೂರಲೇ?" ಎಂದು ನೆರೆಯವರು ಕೇಳುತ್ತಾರೆ. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಈಗ ಒಂದು ಉತ್ತರವಿದೆ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿರುವುದಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ. ಆದರೂ ರಾತ್ರಿ ಯಾರಾದರೂ ಒಂದು ಕೂ ಹಾಕಿದರೆ ಆಚೆ ಗುಡ್ಡದಿಂದ ಉತ್ತರ ಬರುತ್ತಿತ್ತು, ಹಿಂದೆಯೇ ಟಾರ್ಚಿನ ಬೆಳಕೂ ಇಳಿದು ಬರುತ್ತಿತ್ತು. ಹಾವು ಕಚ್ಚಿದರೂ ಅಷ್ಟೇ, ಕಳ್ಳ ಬಂದರೂ ಅಷ್ಟೇ. ಬೇಲಿಯ ತಕರಾರಿದ್ದ ಮನೆಯವರೂ ಬರುತ್ತಿದ್ದರು. ಅಪ್ಪನ ಧೈರ್ಯ ಗೋಡೆಯ ಮೇಲಿನ ಕೋವಿಯಲ್ಲೂ ಇರಲಿಲ್ಲ, ಠಾಣೆಯಲ್ಲೂ ಇರಲಿಲ್ಲ. ಕೋವಿ ಎರಡು ತಿಂಗಳು ಮನೆಯಲ್ಲಿಲ್ಲದಿದ್ದರೆ ಹಂದಿಗೆ ಅನುಕೂಲವಾಗುತ್ತಿತ್ತೇ ಹೊರತು ನಾವು ಹೆದರಿ ಮಲಗುತ್ತಿರಲಿಲ್ಲ. ಇಲ್ಲಿ ನಮ್ಮ ಬೀದಿಯಲ್ಲಿ ಮನೆಯಿಂದ ಮನೆಗೆ ಹದಿನೈದು ಅಡಿ. ಎಲ್ಲ ಕಿಟಕಿಗಳೂ ಮುಚ್ಚಿ, ಏಸಿ ಓಡುತ್ತಿರುತ್ತದೆ. ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ.

ಈ ದೇಶದ ಬಲದ ಬಗ್ಗೆ ನಮ್ಮ ಕನ್ನಡ ಬಳಗದಲ್ಲಿ ಆಗಾಗ ಬಿಸಿಬಿಸಿ ಚರ್ಚೆಯಾಗುತ್ತದೆ. 2023ರಲ್ಲಿ ಅಮೆರಿಕದ ಸೇನಾ ವೆಚ್ಚ ಸುಮಾರು 91,600 ಕೋಟಿ ಡಾಲರ್, ಜಗತ್ತಿನ ಒಟ್ಟು ಸೇನಾ ವೆಚ್ಚದ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಆ ವರ್ಷ ನಾಲ್ಕನೆಯ ಸ್ಥಾನದಲ್ಲಿದ್ದ ಭಾರತದ್ದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ. "ನಾವೂ ಹಾಗಾಗಬೇಕು, ಆಗ ನೋಡಿ ಯಾರು ನಮ್ಮ ತಂಟೆಗೆ ಬರುತ್ತಾರೆ" ಎಂದು ಗೆಳೆಯರು ಹೇಳುತ್ತಾರೆ. ನಾನಿರುವ ಸ್ಯಾನ್ ಆಂಟೋನಿಯೋ ಸೇನೆಯ ಊರು. ಅಮೆರಿಕದ ವಾಯುಪಡೆಗೆ ಸೇರುವ ಹುಡುಗ ಹುಡುಗಿಯರು ಮೊದಲ ತರಬೇತಿ ಪಡೆಯುವುದು ಇಲ್ಲಿನ ಲ್ಯಾಕ್‌ಲ್ಯಾಂಡ್ ನೆಲೆಯಲ್ಲಿ. ತರಬೇತಿ ಮುಗಿದ ವಾರಾಂತ್ಯ ನೀಲಿ ಸಮವಸ್ತ್ರ ತೊಟ್ಟು ಅಪ್ಪ ಅಮ್ಮನ ಜೊತೆ ನದಿಯ ದಂಡೆಯಲ್ಲಿ ನಡೆಯುವ ಆ ಮಕ್ಕಳನ್ನು ನೋಡಿದರೆ ನನಗೂ ಮನಸ್ಸು ತುಂಬುತ್ತದೆ. ಸೈನಿಕರ ಬಗ್ಗೆ ನನಗೆ ಗೌರವ ಇರುವುದರಿಂದಲೇ ಈ ಮಾತು ಬರೆಯುತ್ತಿದ್ದೇನೆ. ಟೆಕ್ಸಾಸ್‌ನಲ್ಲೇ ಹುಟ್ಟಿ, 1915ರಲ್ಲಿ ಇದೇ ಊರಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದ ಐಸೆನ್‌ಹೋವರ್, ಅಧ್ಯಕ್ಷರಾಗಿ 1953ರಲ್ಲಿ ಮಾಡಿದ ಭಾಷಣದಲ್ಲಿ ತಯಾರಾಗುವ ಪ್ರತಿಯೊಂದು ಬಂದೂಕನ್ನೂ ಹಸಿದವರಿಂದ ಮಾಡಿದ ಕಳವಿಗೆ ಹೋಲಿಸಿದರು. ಮಹಾಯುದ್ಧ ನಡೆಸಿ ಗೆದ್ದ ಸೇನಾನಿಯ ಬಾಯಿಂದ ಬಂದ ಮಾತು ಅದು. ನಮ್ಮ ಕೊಡಗಿನ ಕಾರ್ಯಪ್ಪನವರ ಮಗ 1965ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆ ಸಿಕ್ಕಾಗ, ಹಿಂದೆ ಅವರ ಜೊತೆ ಸೇನೆಯಲ್ಲಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ನೆರವಿಗೆ ಮುಂದಾದರು. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕಾರ್ಯಪ್ಪನವರಿಂದ ಹೋಯಿತು. ಬಲ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ಉತ್ತರ.

ಸ್ಯಾನ್ ಆಂಟೋನಿಯೋದಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ ಯುವಾಲ್ಡಿ ಎಂಬ ಪುಟ್ಟ ಪಟ್ಟಣವಿದೆ. 2022ರ ಮೇ 24ರಂದು ಅಲ್ಲಿನ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಕೊಂದವನಿಗೆ 18 ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು. ಬಂದೂಕನ್ನು ಅವನು ಅಂಗಡಿಯಿಂದ ಕಾನೂನುಬದ್ಧವಾಗಿಯೇ ಕೊಂಡಿದ್ದ. ಆ ದಿನ ಶಾಲೆಯ ಬಳಿಗೆ ಬಂದ ಪೊಲೀಸರು ಮತ್ತು ಭದ್ರತಾ ಸಿಬ್ಬಂದಿ 376 ಮಂದಿ ಎಂದು ಟೆಕ್ಸಾಸ್ ಶಾಸನಸಭೆಯ ಸಮಿತಿ ಲೆಕ್ಕ ಹಾಕಿತು. ಅವರು ತರಗತಿಯೊಳಗೆ ನುಗ್ಗುವುದಕ್ಕೆ 77 ನಿಮಿಷ ಹಿಡಿಯಿತು. ಒಳಗಿನಿಂದ ಮಕ್ಕಳು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುತ್ತಲೇ ಇದ್ದರು. ಹೊರಗೆ ನಿಂತ ತಂದೆ ತಾಯಿಯರನ್ನು ಪೊಲೀಸರೇ ತಡೆದು ನಿಲ್ಲಿಸಿದ್ದರು. ಜಗತ್ತಿನ ಯಾವ ಮೂಲೆಗೆ ಬೇಕಾದರೂ ವಿಮಾನ ಕಳುಹಿಸಬಲ್ಲ ದೇಶದಲ್ಲಿ, ಅಷ್ಟೊಂದು ಬಂದೂಕುಗಳು ಕಾರಿಡಾರಿನಲ್ಲಿ ನಿಂತಿರುವಾಗಲೇ, ಕೂಗಳತೆಯ ದೂರದಲ್ಲಿದ್ದ ಮಕ್ಕಳ ಕೂಗಿಗೆ ಓಗೊಡುವವರಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ಆ ತಂದೆ ತಾಯಿಯರು ಕೇಳಿದ್ದು ದೊಡ್ಡದೇನಲ್ಲ. ಅಂಥ ಬಂದೂಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ ಎಂದರು. 2023ರ ಮೇ ತಿಂಗಳಲ್ಲಿ ಮಸೂದೆ ಸಮಿತಿಯಲ್ಲಿ 8–5 ಮತಗಳಿಂದ ಪಾಸಾಯಿತು; ಸದನದ ಮುಂದೆ ಬರಲೇ ಇಲ್ಲ. ಅದೇ ವರ್ಷ ಬೇರೊಂದು ಕಾನೂನು ಬಂತು: ಪ್ರತಿ ಸರ್ಕಾರಿ ಶಾಲೆಗೂ ಒಬ್ಬ ಸಶಸ್ತ್ರ ಕಾವಲುಗಾರ. ತರಬೇತಿ ಪಡೆದ ಶಿಕ್ಷಕರು ಶಾಲೆಯಲ್ಲಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಇಲ್ಲಿ ಅವಕಾಶ ಮೊದಲೇ ಇತ್ತು. ಬೆತ್ತ ಹಿಡಿದ ಮೇಷ್ಟ್ರನ್ನು ಕಂಡರೇ ನಮಗೆ ನಡುಕ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡವರ ಎದುರು ಮಗು ತನಗೆ ಲೆಕ್ಕ ಬರುವುದಿಲ್ಲವೆಂದು ಹೇಗೆ ಹೇಳುತ್ತದೆ?

ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ಶೂ ಕೊಡಿಸಲು ಹೋಗಿದ್ದೆ. ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕೆಂಪು ನೀಲಿ ದೀಪ ಮಿನುಗುವ ಜೋಡಿಯನ್ನು ಅವಳು ಎತ್ತಿಕೊಂಡಳು, ಅಂಗಡಿಯಲ್ಲಿ ಎರಡು ಸುತ್ತು ನಡೆದಳು, ಆಮೇಲೆ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಯಾಕಮ್ಮಾ ಎಂದೆ. "ಅಪ್ಪಾ, ಡ್ರಿಲ್ ಮಾಡುವಾಗ ಲೈಟ್ ಆರಿಸಿ ಮೂಲೆಯಲ್ಲಿ ಕೂರಬೇಕು. ಇದು ಮಿನುಗಿದರೆ ನಾವೆಲ್ಲಿದ್ದೇವೆಂದು ಗೊತ್ತಾಗುತ್ತದೆ" ಎಂದಳು. ಕಪ್ಪು ಬಣ್ಣದ ಸಾದಾ ಶೂ ಆರಿಸಿಕೊಂಡಳು. ಆ ದಿನದಿಂದ ಸೇನಾ ಬಲದ ಅಂಕಿ ಅಂಶಗಳನ್ನು ಮುಂದಿಟ್ಟು ಯಾರು ಏನು ಹೇಳಿದರೂ ನನಗೆ ಆ ಶೂ ಪೆಟ್ಟಿಗೆ ನೆನಪಾಗುತ್ತದೆ.

ಯಾವ ವೃತ್ತಿಯವರು ಪ್ರಾಮಾಣಿಕರು ಎಂದು ಗ್ಯಾಲಪ್ ಸಂಸ್ಥೆ ಇಲ್ಲಿ ಪ್ರತಿವರ್ಷ ಜನರನ್ನು ಕೇಳುತ್ತದೆ. ಎರಡು ದಶಕಗಳಿಂದ ಮೇಲಿನ ಸ್ಥಾನ ನರ್ಸ್‌ಗಳದ್ದು. 2023ರಲ್ಲಿ ನೂರಕ್ಕೆ 78 ಜನ ಅವರ ಬಗ್ಗೆ ಒಳ್ಳೆಯ ಮಾತಾಡಿದರು. ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರ ಬಗ್ಗೆ ಹಾಗೆ ಹೇಳಿದವರು ಕೇವಲ 6. ವಕೀಲರು, ವಿಮೆಯವರು, ಕಾರು ಮಾರುವವರು ಕೆಳಗಿನ ಸಾಲಿನಲ್ಲಿದ್ದಾರೆ. ಜನ ನಂಬುವುದು ರಾತ್ರಿ ಹಾಸಿಗೆಯ ಪಕ್ಕ ನಿಂತವರನ್ನು, ಕರೆಗಂಟೆ ಒತ್ತಿದರೆ ಬರುವವರನ್ನು. ಇದು ಎಲ್ಲ ದೇಶಗಳಿಗೂ ಹೊಂದುವ ಮಾತು ಎಂದು ನನಗನಿಸುತ್ತದೆ. ಕರೆದಾಗ ಬರದವರ ಮೇಲಿನ ಸಿಟ್ಟು ಅಪನಂಬಿಕೆಯಾಗಿ, ಆಮೇಲೆ ಗ್ಯಾರೇಜಿನ ಕಪಾಟಾಗಿ ಬೆಳೆಯುತ್ತದೆ. ಬಂದೂಕು ಇರುವವರಲ್ಲಿ ನೂರಕ್ಕೆ 72 ಮಂದಿ ಅದನ್ನು ಇಟ್ಟುಕೊಂಡಿರುವುದಕ್ಕೆ ರಕ್ಷಣೆ ಒಂದು ಪ್ರಮುಖ ಕಾರಣ ಎಂದು ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ಹೇಳಿದ್ದಾರೆ.

ನಮ್ಮ ನಾಡನ್ನು ಹೊಗಳಿ ಮಾತು ಮುಗಿಸಲು ನನಗೆ ಮನಸ್ಸಿಲ್ಲ. ಪರವಾನಗಿಯ ಕಟ್ಟುನಿಟ್ಟು ಎಷ್ಟೇ ಇದ್ದರೂ 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಿಗೇ ಬಂದು ಕೊಂದರು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಕೊಂದ ಪಿಸ್ತೂಲಿಗೆ ಯಾವ ಠಾಣೆಯ ರಸೀದಿಯೂ ಇರಲಿಲ್ಲ. ವೈದ್ಯೋ ನಾರಾಯಣೋ ಹರಿಃ ಎನ್ನುತ್ತಿದ್ದ ನಾಡಿನಲ್ಲೇ ಆಸ್ಪತ್ರೆಯವರನ್ನು ಹೊಡೆಯದಂತೆ ತಡೆಯಲು 2009ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಊರಿನಲ್ಲೂ ಈಗ ಗುಡ್ಡದ ಮನೆಗಳು ಖಾಲಿಯಾಗುತ್ತಿವೆ. ಮಕ್ಕಳೆಲ್ಲ ನನ್ನ ಹಾಗೆ ಹೊರಗೆ. ಉಳಿದ ಮುದುಕರು ಕೂ ಹಾಕಿದರೆ ಕೇಳಿಸಿಕೊಳ್ಳುವವರು ಯಾರು?

ಪಕ್ಕದ ಕೊಡಗಿನ ಉದಾಹರಣೆಯನ್ನು ನಮ್ಮ ಬಂದೂಕುಪ್ರಿಯ ಗೆಳೆಯರು ತಪ್ಪದೆ ತರುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು, ಅಲ್ಲೇನು ಬೀದಿ ಬೀದಿಯಲ್ಲಿ ಗುಂಡು ಹಾರುತ್ತಿದೆಯೇ ಎನ್ನುತ್ತಾರೆ. ಆದರೆ ಅಲ್ಲಿ ಕೋವಿ ಇರುವುದು ಮನೆತನದ ನಡುವೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದನ್ನು ತೊಳೆದು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅದು ಊರಿಗೆ ಸುದ್ದಿ ಮುಟ್ಟಿಸುವ ಸದ್ದು, ಜನರನ್ನು ಮನೆಗೆ ಕರೆಯುವ ಸದ್ದು. ನಮ್ಮ ಕಡೆಯ ಕೂಗಿನ ಇನ್ನೊಂದು ರೂಪವೇ ಅದು. ಹೆಣ್ಣುಮಗುವಿಗೂ ಅದೇ ಗುಂಡು ಹಾರಲಿ ಎಂಬುದು ನನ್ನ ಆಸೆ. ಕುಟುಂಬದ ಜಗಳದಲ್ಲಿ ಕೋವಿ ಎತ್ತಿದ ಸುದ್ದಿಗಳು ಅಲ್ಲಿಂದಲೂ ಬರುತ್ತವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪಕ್ಕದ ಮನೆಯವನಿಗೆ ಹೆದರಿ ಕೊಂಡ ಬಂದೂಕಿಗೂ ಅವನನ್ನು ಕರೆಯಲು ಹಾರಿಸುವ ಬಂದೂಕಿಗೂ ಒಂದೇ ಅಳತೆಗೋಲು ಹಿಡಿಯಲು ನಾನು ಒಪ್ಪುವುದಿಲ್ಲ.

ಇಲ್ಲಿ ಬಂದೂಕು ಯಾರನ್ನು ಕೊಲ್ಲುತ್ತದೆ ಎಂಬುದರ ಬಗ್ಗೆ ಚರ್ಚೆಗಳಲ್ಲಿ ಮಾತೇ ಬರುವುದಿಲ್ಲ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಅದೇ ವರ್ಷ ಆತ್ಮಹತ್ಯೆ ಮಾಡಿಕೊಂಡ ನಿವೃತ್ತ ಸೈನಿಕರು 6,392, ಅವರಲ್ಲಿ ಹತ್ತಕ್ಕೆ ಏಳು ಮಂದಿ ಬಂದೂಕಿನಿಂದ. ಬಾಗಿಲು ಒಡೆದು ಬರುವ ಕಳ್ಳನಿಗೆಂದು ಇಟ್ಟದ್ದು ಮನೆಯವರಿಗೇ ತಿರುಗುತ್ತದೆ. ದೇಶಕ್ಕಾಗಿ ಬಂದೂಕು ಹಿಡಿದವರು ಊರಿಗೆ ಬಂದ ಮೇಲೆ ಅವರನ್ನು ಕೇಳುವವರು ಎಷ್ಟು ಜನ?

ಎರಡು ವರ್ಷದ ಹಿಂದೆ ನೆರೆಯವರ ಹೆಂಡತಿ ತೀರಿಕೊಂಡರು. ನಾವು ಅನ್ನ, ಸಾರು ಮಾಡಿ ಕೊಂಡೊಯ್ಯುತ್ತಿದ್ದೆವು. ಅವರು ಬಾಗಿಲ ಸಂದಿಯಿಂದಲೇ ಪಾತ್ರೆ ತೆಗೆದುಕೊಳ್ಳುತ್ತಿದ್ದರು. ಮೂರನೆಯ ತಿಂಗಳ ಒಂದು ರಾತ್ರಿ ಹತ್ತು ಗಂಟೆಗೆ ನಮ್ಮ ಬಾಗಿಲು ತಟ್ಟಿದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಜೇಬಿನಿಂದ ಎರಡು ಬೀಗದ ಕೈಗಳನ್ನು ತೆಗೆದು ನನ್ನ ಅಂಗೈಗೆ ಹಾಕಿ, "ಗ್ಯಾರೇಜಿನ ಕಪಾಟಿನದು, ಎರಡೂ ಇಲ್ಲೇ ಇವೆ. ಸದ್ಯಕ್ಕೆ ನಿನ್ನ ಬಳಿ ಇರಲಿ" ಎಂದರು. ನನಗೆ ಅರ್ಥವಾಯಿತು. ಆ ರಾತ್ರಿ ಒಂದು ಗಂಟೆಯವರೆಗೆ ಇಬ್ಬರೂ ಅವರ ಅಂಗಳದಲ್ಲಿ ಕೂತಿದ್ದೆವು. ಆಮೇಲೆ ಅವರು ಡಾಕ್ಟರ ಬಳಿ ಹೋಗತೊಡಗಿದರು. ಮೊದಲೆರಡು ಸಲ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ.

ಈಗ ಚೆನ್ನಾಗಿದ್ದಾರೆ. ಭಾನುವಾರ ನಮ್ಮ ಮನೆಗೆ ದೋಸೆಗೆ ಬರುತ್ತಾರೆ, ಬಂದೂಕಿನ ಹಕ್ಕಿನ ಬಗ್ಗೆ ಮೊದಲಿನ ಹಾಗೆಯೇ ವಾದ ಮಾಡುತ್ತಾರೆ. ಬೀಗದ ಕೈಗಳನ್ನು ಮಾತ್ರ ಇನ್ನೂ ಕೇಳಿಲ್ಲ.