ಸ್ಪಷ್ಟನೆ: ಜೋಡಿ ಸಿಲಿಂಡರ್‌ನ ಐಸೊಲೇಟರ್ ವಾಲ್ವ್ ತೆರೆದೇ ಇರಬೇಕು

ಒಂಟಿ ಸಿಲಿಂಡರ್‌ನಿಂದ ಜೋಡಿಗೆ ಬರುವ ಸ್ಕೂಬಾ ಡೈವರ್‌ಗಳಿಗೆ "ನಡುವಿನ ಐಸೊಲೇಟರ್ ವಾಲ್ವ್ ಮುಚ್ಚಿಯೇ ನೀರಿಗಿಳಿಯಿರಿ, ಅರ್ಧ ಗಾಳಿ ಭದ್ರವಾಗಿರುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಮ್ಯಾನಿಫೋಲ್ಡ್ (ಎರಡೂ ಸಿಲಿಂಡರ್ ಕೂಡಿಸುವ ಕೊಳವೆ) ಇರುವ ಜೋಡಿಯಲ್ಲಿ, ಎರಡರ ನಡುವೆ ಗಾಳಿ ಹರಿಯದಂತೆ ತಡೆಯಬಲ್ಲ ಆ ವಾಲ್ವ್ ಪೂರ್ತಿ ತೆರೆದಿರಬೇಕು.

ಸಾಮಾನ್ಯ ಜೋಡಣೆಯಲ್ಲಿ ಉಸಿರಾಡುವ ಮುಖ್ಯ ರೆಗ್ಯುಲೇಟರ್ ಬಲಗಡೆ, ಒತ್ತಡದ ಗೇಜ್ ಎಡಗಡೆ ಇರುತ್ತದೆ. ನಡುವೆ ಮುಚ್ಚಿದ್ದರೆ ಬಲ ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಗೇಜಿನ ಮುಳ್ಳು ತುಂಬಿದಾಗಿನ ಒತ್ತಡದ (ಸುಮಾರು 200 ಬಾರ್) ಹತ್ತಿರವೇ ನಿಂತಿರುತ್ತದೆ. ಉಸಿರೆಳೆಯಲು ಕಷ್ಟವಾದಾಗಲೇ ವಿಷಯ ಗೊತ್ತಾಗುವುದು. ಮುಳ್ಳು ಕದಲದಿದ್ದರೆ ಮೊದಲು ಐಸೊಲೇಟರ್ ಮುಟ್ಟಿ ನೋಡಿ. ತುಂಬಿಸುವಾಗಲೂ ಇದೇ ತೊಂದರೆ: ಒಂದೇ ಸಿಲಿಂಡರ್ ತುಂಬುತ್ತದೆ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಆದರೆ ಎರಡರ ಆಮ್ಲಜನಕ ಪ್ರಮಾಣವೇ ಬೇರೆಯಾಗಬಹುದು.

ಮುಚ್ಚಬೇಕಾದ್ದು ಸೋರಿಕೆ ಕಂಡಾಗ. ಅದಕ್ಕೇ ಕೈ ಹಿಂದೆ ಚಾಚಿ ಎಡ, ಬಲ, ನಡುವಿನ ಮೂರೂ ವಾಲ್ವ್ ತಿರುಗಿಸುವ ಅಭ್ಯಾಸ ಮೊದಲೇ ಆಗಿರಬೇಕು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ತಲುಪಿಸಿ.